ಮದುವೆಯಿಲ್ಲದ ತಿಂಗಳುಗಳಲ್ಲಿ ಕ್ಯಾಮೆರಾ: ಬಯಲ ಛಾಯಾಗ್ರಹಣವನ್ನು ನಂಬಿ ಬದುಕಬಹುದೇ?

ಪಾಂಡವಪುರದ ಹುಡುಗ

ಎಲ್ಲರಿಗೂ ನಮಸ್ಕಾರ. ಪದವಿ ಮುಗಿಸಿದ ಮೇಲೆ ಎರಡು ವರ್ಷಗಳಿಂದ ಮಂಡ್ಯದ ಸ್ಟುಡಿಯೋ ಒಂದರಲ್ಲಿ ಮದುವೆ ಆಲ್ಬಮ್‌ಗಳನ್ನು ಜೋಡಿಸುವ ಕೆಲಸದಲ್ಲಿದ್ದೇನೆ. ಕಳೆದ ವರ್ಷ ಸಾಲ ಮಾಡಿ, ದೂರದ್ದನ್ನು ಹತ್ತಿರಕ್ಕೆ ತರುವ 150-600 ಮಿ.ಮೀ. ಲೆನ್ಸ್ ಕೊಂಡೆ. ಬಿಡುವು ಸಿಕ್ಕ ದಿನ ರಂಗನತಿಟ್ಟಿಗೆ ಹೋಗುತ್ತೇನೆ, ಇಲ್ಲವಾದರೆ ಕುಂತಿಬೆಟ್ಟದ ಬುಡದಲ್ಲೋ ನಾಲೆಯ ಏರಿಯ ಮೇಲೋ ಅಲೆಯುತ್ತೇನೆ. ನಮ್ಮ ತಂದೆಯವರು ಕಬ್ಬು ಬೆಳೆಯುವವರು. ಲೆನ್ಸಿನ ಬೆಲೆ ಕೇಳಿದ ದಿನ ಅವರು ಏನನ್ನೂ ಹೇಳದೆ ಎದ್ದು ಗದ್ದೆಯ ಕಡೆಗೆ ಹೋದರು. ಬೈದಿದ್ದರೇ ವಾಸಿಯಿತ್ತು.

ನನ್ನ ಪ್ರಶ್ನೆಗಳು ಮೂರು. ಮದುವೆಯ ಕೆಲಸವನ್ನು ಬಿಟ್ಟು ಹಕ್ಕಿ, ಕಾಡು, ಹೊಳೆಗಳ ಚಿತ್ರಗಳಿಂದಲೇ ಜೀವನ ನಡೆಸಲು ಸಾಧ್ಯವೇ? ಹೆಸರು ಮಾಡಬೇಕಾದರೆ ಲಡಾಖ್, ಆಫ್ರಿಕಾ ಎಂದು ದೂರ ಹೋಗಲೇಬೇಕೇ? ಒಂದೇ ರಂಗನತಿಟ್ಟನ್ನು ಇಪ್ಪತ್ತು ಬಾರಿ ನೋಡಿದ ಮೇಲೆ ಬೇಸರ ಬರುತ್ತದಲ್ಲ, ಆಗ ಹಿರಿಯರು ಏನು ಮಾಡುತ್ತಾರೆ?

ಕತ್ತಲೆ ಕೋಣೆ, ಮೈಸೂರು

ತಮ್ಮ, ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಮೂವತ್ತು ವರ್ಷಗಳಲ್ಲಿ ಹಕ್ಕಿಗಳು ನನ್ನ ಮನೆಯ ಬಾಡಿಗೆಯನ್ನು ಒಂದು ತಿಂಗಳೂ ಪೂರ್ತಿಯಾಗಿ ಕಟ್ಟಿಲ್ಲ. ಬಾಡಿಗೆ ಕಟ್ಟಿದ್ದು, ಮಗಳನ್ನು ಓದಿಸಿದ್ದು, ಈಗಿನ 500 ಮಿ.ಮೀ. ಲೆನ್ಸ್ ಕೊಡಿಸಿದ್ದು ಎಲ್ಲವೂ ಕಲ್ಯಾಣಮಂಟಪಗಳೇ. ಆದರೂ ನಾನು ಬಯಲ ಛಾಯಾಗ್ರಾಹಕನೆಂದೇ ಹೇಳಿಕೊಳ್ಳುತ್ತೇನೆ. ಅದಕ್ಕೆ ಕಾರಣ ನಮ್ಮ ಪಂಚಾಂಗ.

ನಮ್ಮ ಸೀಮೆಯಲ್ಲಿ ಮದುವೆ ನಡೆಯದ ಕಾಲ ಯಾವುದೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಆಷಾಢ ಒಂದು ತಿಂಗಳು, ಪಿತೃಪಕ್ಷ ಹದಿನೈದು ದಿನ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದರೆ ಸ್ಟುಡಿಯೋ ಮಾಲೀಕರೆಲ್ಲರ ಮುಖ ಬಾಡುತ್ತದೆ, ನನಗೆ ಮಾತ್ರ ಅದು ಬೋನಸ್. ಈ ಬಿಡುವುಗಳನ್ನು ನಾನು ಆರಿಸಿಕೊಂಡವನಲ್ಲ, ಪುರೋಹಿತರು ಆರಿಸಿಕೊಟ್ಟವು. ಅವು ಬಯಲಿನ ಋತುಗಳಿಗೆ ಎಷ್ಟು ಚೆನ್ನಾಗಿ ಹೊಂದಿಕೊಂಡಿವೆ ಎಂಬುದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು.

ಆಷಾಢದಲ್ಲಿ ಕನ್ನಂಬಾಡಿ ತುಂಬುತ್ತ ಬರುತ್ತದೆ. ನೀರು ಬಿಟ್ಟರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ ಎಂದು ಎಲ್ಲರೂ ಮರುಗುತ್ತಾರೆ. ಆದರೆ ಅದೇ ನೀರು ಕೆಳಗೆ ಶಿವನಸಮುದ್ರಕ್ಕೆ ಹೋಗಿ ಬೀಳಬೇಕಲ್ಲವೇ? 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಲು ಆರಂಭಿಸಿದಂದಿನಿಂದ ಹೊಳೆಯ ನೀರಿನ ಒಂದು ಪಾಲು ನಾಲೆಯ ಮೂಲಕ ಯಂತ್ರಗಳಿಗೆ ಹೋಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಗಗನಚುಕ್ಕಿಯನ್ನು ನೋಡಲು ಹೋದವರಿಗೆ ಬಂಡೆಯೇ ಹೆಚ್ಚಾಗಿ ಕಾಣುತ್ತದೆ. ಆಷಾಢದ ಪ್ರವಾಹದಲ್ಲಾದರೋ ಮಳವಳ್ಳಿ ಕಡೆಯ ದಡದಲ್ಲಿ ನಿಂತು ಮಾತನಾಡಿದರೆ ಪಕ್ಕದವರಿಗೆ ಕೇಳಿಸದು. ಲೆನ್ಸಿನ ಮೇಲೆ ಬೀಳುವ ತುಂತುರನ್ನು ಒರೆಸಲು ಮೂರು ಹಳೆಯ ಹತ್ತಿ ಪಂಚೆಯ ತುಂಡುಗಳು ಬೇಕು. ಒಂದು ಸಾಕೆಂದು ಹೋದ ವರ್ಷ ನನ್ನ ಚಿತ್ರಗಳೆಲ್ಲ ಮಂಜು ಕವಿದಂತೆ ಬಂದವು, ಕೆಲವರು ಅದನ್ನೇ ಕಲೆ ಎಂದು ಹೊಗಳಿದರು.

ಧನುರ್ಮಾಸದ ಮಾತು ಬೇರೆ. ಆಗ ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬಂದಿರುತ್ತವೆ. ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಇಲ್ಲಿಗೆ ಬರುವ ಹಕ್ಕಿಗಳು ಅವು. ರಾತ್ರಿಯೆಲ್ಲ ಕೊಯ್ಲಾದ ಗದ್ದೆಗಳಲ್ಲಿ ಮೇದು, ಬೆಳಕು ಹರಿಯುವ ಹೊತ್ತಿಗೆ ಕೆರೆಗೆ ಮರಳಿ ನೀರಿನ ಮೇಲೆ ವಿಶ್ರಮಿಸುತ್ತವೆ. ಅವು ಮರಳುವ ಆ ಅರ್ಧ ಗಂಟೆಗಾಗಿ ದೇವಸ್ಥಾನಗಳಲ್ಲಿ ಹುಗ್ಗಿ ಬೇಯುವ ಹೊತ್ತಿನಲ್ಲಿ ನಾನು ಸ್ಕೂಟರಿನಲ್ಲಿ ನಡುಗುತ್ತ ಹೋಗುತ್ತೇನೆ. ಮೈಸೂರಿನ ಚಳಿ ಏನು ಮಹಾ ಎನ್ನುವವರು ಜನವರಿಯಲ್ಲಿ ಬೆಳಗಿನ ಐದು ಗಂಟೆಗೆ ಕಬಿನಿ ನಾಲೆಯ ಬದಿಯಲ್ಲಿ ಬಂದು ನಿಲ್ಲಲಿ.

ಇನ್ನು ಮದುವೆಯ ಕೆಲಸವನ್ನು ಹೀನವಾಗಿ ನೋಡಬೇಡಿ. ಅಂತರಪಟ ಸರಿದು ಜೀರಿಗೆ ಬೆಲ್ಲ ಹಾರುವ ಕ್ಷಣಕ್ಕೆ ನೀವು ಮೊದಲೇ ಫೋಕಸ್ ಹಿಡಿದು, ಉಸಿರು ಕಟ್ಟಿ ನಿಂತಿರಬೇಕು. ಪುರೋಹಿತರು ನಿಮಗಾಗಿ ಇನ್ನೊಮ್ಮೆ ಅಂತರಪಟ ಹಿಡಿಯುವುದಿಲ್ಲ, ಮಿಂಚುಳ್ಳಿ ಇನ್ನೊಮ್ಮೆ ಧುಮುಕುವುದಿಲ್ಲ. ಕತ್ತಲಾದ ಮಂಟಪದ ಮುಂದೆ ಬಿಳಿ ಪಂಚೆ ಉಟ್ಟು ನಿಂತ ವರನನ್ನು ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಒಪ್ಪಿಸಿದರೆ ಅದು ಕತ್ತಲನ್ನೇ ನೋಡಿ ಬೆಳಕು ಹೆಚ್ಚಿಸುತ್ತದೆ, ಪಂಚೆಯ ನೆರಿಗೆಗಳೆಲ್ಲ ಅಳಿಸಿಹೋಗುತ್ತವೆ. ಕಪ್ಪು ನೀರಿನ ಮುಂದೆ ಕುಳಿತ ಬೆಳ್ಳಕ್ಕಿಗೂ ಆಗುವುದು ಅದೇ. ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಬೇಕೆಂಬುದನ್ನು ನನಗೆ ಕಲಿಸಿದ್ದು ವರನ ಪಂಚೆ, ಪುಸ್ತಕವಲ್ಲ.

ಶಿಂಷಾ ತೀರ, ಮದ್ದೂರು

ಕತ್ತಲೆ ಕೋಣೆಯವರ ಬರಹವನ್ನು ಎರಡು ಬಾರಿ ಓದಿದೆ. ನಾನು ಛಾಯಾಗ್ರಾಹಕಿಯಲ್ಲ, ಶಾಲಾ ಶಿಕ್ಷಕಿ. ಕೊಕ್ಕರೆ ಬೆಳ್ಳೂರಿನ ಹತ್ತಿರವೇ ನಮ್ಮ ಮನೆ. ಚಿತ್ರ ತೆಗೆಯುವವರನ್ನು ಕೆಳಗಿನಿಂದ ನೋಡುವವರ ಮಾತನ್ನೂ ಇಲ್ಲಿ ಸೇರಿಸಬೇಕೆನ್ನಿಸಿತು.

ನಿಮಗೆ ಧನುರ್ಮಾಸ ಮದುವೆಯಿಲ್ಲದ ತಿಂಗಳು. ನಮ್ಮಲ್ಲಿ ಅದು ಬಾಣಂತನ ಶುರುವಾಗುವ ಕಾಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಊರಿನೊಳಗಿನ ಹುಣಸೆ, ಆಲ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಹಿರಿಯರು ಅವುಗಳನ್ನು ಕರೆಯುವುದು. ಮರದಡಿಯ ನೆಲ ಹಿಕ್ಕೆಯಿಂದ ಬೆಳ್ಳಗಾಗುತ್ತದೆ, ವಾಸನೆ ಅಡುಗೆಮನೆಯವರೆಗೂ ಬರುತ್ತದೆ, ಹುಣಸೆಹಣ್ಣಿನ ಫಸಲು ಕೈಗೆ ಸಿಗುವುದಿಲ್ಲ. ಹಿಕ್ಕೆ ಗೊಬ್ಬರವಾಗಿ ಗದ್ದೆಗೆ ಹೋಗುತ್ತದೆ, ಮರಕ್ಕೆ ಅರಣ್ಯ ಇಲಾಖೆಯಿಂದ ಒಂದಿಷ್ಟು ಪರಿಹಾರವುಂಟು. ಆದರೆ ಇದು ಲೆಕ್ಕಕ್ಕೆ ಸರಿಹೋಗುವ ವ್ಯವಹಾರವೆಂದು ಯಾರೂ ತಿಳಿಯಬಾರದು. ಹೆಣ್ಣುಮಕ್ಕಳ ಬಾಣಂತನದ ಖರ್ಚನ್ನು ಯಾವ ಮನೆಯಲ್ಲೂ ಬರೆದಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಹೊರಗಿನಿಂದ ಬಂದ ಒಂದು ಗುಂಪಿನವರಿಗೆ ಕುಳಿತ ಹಕ್ಕಿ ಸಾಕಾಗಲಿಲ್ಲ, ಹಾರುವ ಹಕ್ಕಿಯೇ ಬೇಕಾಯಿತು. ಅವರಲ್ಲೊಬ್ಬರು ಮರದ ಬುಡದಲ್ಲಿ ಜೋರಾಗಿ ಚಪ್ಪಾಳೆ ತಟ್ಟಿದರು. ತಾಯಂದಿರು ಎದ್ದವು, ಒಂದು ಮರಿ ಗೂಡಿನಿಂದ ಕೆಳಗೆ ಬಿತ್ತು. ಬಿದ್ದ ಮರಿಗಳನ್ನು ಸಾಕಿ ಬಿಡುವವರು ನಮ್ಮಲ್ಲಿದ್ದಾರೆ, ಹೆಜ್ಜಾರ್ಲೆ ಬಳಗದವರು ಬಹಳ ಕಾಲದಿಂದ ಅದನ್ನು ಮಾಡಿಕೊಂಡು ಬಂದಿದ್ದಾರೆ. ಆದರೆ ಆ ಮರಿ ಉಳಿಯಲಿಲ್ಲ. ಚಪ್ಪಾಳೆ ತಟ್ಟಿದವರ ಚಿತ್ರ ಮಾತ್ರ ಚೆನ್ನಾಗಿಯೇ ಬಂದಿರಬಹುದು.

ತಮ್ಮ, ನೀವು ಬರುವುದಾದರೆ ಯಾರದಾದರೂ ಮನೆಯ ಬಾಗಿಲು ತಟ್ಟಿ, ಮಾಳಿಗೆ ಹತ್ತಲು ಅನುಮತಿ ಕೇಳಿ. ಗೂಡುಗಳು ಕಣ್ಣಿನ ಮಟ್ಟಕ್ಕೆ ಸಿಗುತ್ತವೆ, ಹಕ್ಕಿಗಳು ಊರಿನ ಜನರನ್ನು ಕಂಡು ಹೆದರುವುದಿಲ್ಲ. ಕಾಫಿಯನ್ನೂ ಕೊಡುತ್ತಾರೆ.

ಬೆಳಕಿನ ಲೆಕ್ಕ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಗೂಡಿನ ಚಿತ್ರಗಳನ್ನು ಈಗ ಅನೇಕ ಸ್ಪರ್ಧೆಗಳವರು ಸ್ವೀಕರಿಸುವುದೂ ಇಲ್ಲ. ಆದರೆ ಎರಡನೆಯ ಪ್ರಶ್ನೆಯ ಬಗ್ಗೆ, ಊರು ಬಿಟ್ಟು ಹೋಗುವುದರ ಬಗ್ಗೆ, ನನ್ನ ಅಭಿಪ್ರಾಯ ಬೇರೆ. ಕಾಲು ಗಟ್ಟಿಯಿಲ್ಲದವನು ಬಯಲ ಛಾಯಾಗ್ರಾಹಕನಾಗಲಾರ.

ಅಮೆರಿಕದ ಗೇಲನ್ ರೋವೆಲ್ (1940-2002) ಅವರನ್ನೇ ನೋಡಿ. ಬರ್ಕ್‌ಲಿಯಲ್ಲಿ ಕಾರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು, 1972ರಲ್ಲಿ ಅದನ್ನು ಮಾರಿ ಛಾಯಾಗ್ರಹಣಕ್ಕೆ ಇಳಿದರು. ಎರಡೇ ವರ್ಷದಲ್ಲಿ, ಯೊಸೆಮಿಟಿಯ ಹಾಫ್ ಡೋಮ್ ಬಂಡೆಯನ್ನು ಏರಿದ ಅವರ ಚಿತ್ರಗಳು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟ ಲೇಖನವಾದವು. ದೊಡ್ಡ ಪೆಟ್ಟಿಗೆ ಕ್ಯಾಮೆರಾಗಳನ್ನು ಹೊತ್ತ ಹಿರಿಯರಿಗೆ ಭಿನ್ನವಾಗಿ ಅವರು ಹಗುರವಾದ 35 ಮಿ.ಮೀ. ಕ್ಯಾಮೆರಾ ಹಿಡಿದು ಓಡುತ್ತಿದ್ದರು. 1981ರಲ್ಲಿ ಲ್ಹಾಸಾದಲ್ಲಿ ಅವರು ಕಾಮನಬಿಲ್ಲೊಂದನ್ನು ಕಂಡರು. ನೋಡುವವನು ಸರಿದಂತೆ ಬಿಲ್ಲೂ ಸರಿಯುತ್ತದೆ, ಏಕೆಂದರೆ ಅದು ಸೂರ್ಯನಿಗೆ ನೇರ ಎದುರಿನ ಬಿಂದುವಿನಿಂದ ಸುಮಾರು 42 ಡಿಗ್ರಿ ದೂರದಲ್ಲಿ ನೋಡುವವನ ಕಣ್ಣಿಗಷ್ಟೇ ಕಾಣುವಂಥದ್ದು. ಹಾಗಾದರೆ ಎಲ್ಲಿ ನಿಂತರೆ ಅದರ ಬುಡ ಪೊಟಾಲ ಅರಮನೆಯ ಮೇಲೆ ಬಂದೀತೆಂದು ಊಹಿಸಿ, ಆ ಎತ್ತರದ ತೆಳುಗಾಳಿಯಲ್ಲಿ ಅಲ್ಲಿಯವರೆಗೆ ಓಡಿದರು. ಜೊತೆಯಲ್ಲಿದ್ದವರು ಬಿಲ್ಲನ್ನು ನೋಡುತ್ತ ನಿಂತೇ ಇದ್ದರು. ಇಂದಿಗೂ ಅವರ ಹೆಸರು ಹೇಳಿದರೆ ಮೊದಲು ನೆನಪಾಗುವುದು ಆ ಚಿತ್ರ.

ಅಮೆರಿಕದ ಇನ್ನೊಬ್ಬ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರ ಕಥೆಯೂ ಹೀಗೆಯೇ. 1941ರ ನವೆಂಬರ್ ಒಂದರ ಸಂಜೆ ನ್ಯೂ ಮೆಕ್ಸಿಕೋದ ಹೆರ್ನಾಂಡಿಸ್ ಎಂಬ ಹಳ್ಳಿಯ ಮೇಲೆ ಚಂದ್ರ ಏರಿದ್ದ, ಸ್ಮಶಾನದ ಶಿಲುಬೆಗಳ ಮೇಲಿನ ಕೊನೆಯ ಬಿಸಿಲು ಇಳಿಯುತ್ತಿತ್ತು. ಅವರಿಗೆ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟೆಂಬ ಅಂಕಿ ನೆನಪಿನಲ್ಲಿತ್ತು, ಅದರಿಂದಲೇ ಲೆಕ್ಕ ಕಟ್ಟಿದರು. ಎರಡನೆಯ ನೆಗೆಟಿವ್‌ಗೆ ಸಿದ್ಧರಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ಇವೆಲ್ಲ ಮನೆಯಲ್ಲಿ ಕುಳಿತವರಿಗೆ ದಕ್ಕುವಂಥವೇ?

ಕತ್ತಲೆ ಕೋಣೆ, ಮೈಸೂರು

ದಕ್ಕುವುದಿಲ್ಲ, ಒಪ್ಪಿದೆ. ಆದರೆ ನೀವು ಕೊಟ್ಟ ಎರಡೂ ಉದಾಹರಣೆಗಳಲ್ಲಿ ಕೆಲಸ ಮಾಡಿದ್ದು ಕಾಲಿಗಿಂತ ಮೊದಲು ತಲೆಯಲ್ಲಿದ್ದ ಲೆಕ್ಕ. ಆ 42 ಡಿಗ್ರಿ ಗಗನಚುಕ್ಕಿಯ ತುಂತುರಿಗೂ ಒಂದೇ. ಬಿಸಿಲಿಗೆ ಬೆನ್ನು ಮಾಡಿ, ನಿಮ್ಮ ತಲೆಯ ನೆರಳು ಬೀಳುವ ಕಡೆಯನ್ನು ನಡುವಾಗಿಟ್ಟುಕೊಂಡು ಅಳೆದರೆ ಬಿಲ್ಲು ಎಲ್ಲಿ ಮೂಡಬೇಕೆಂದು ಮೊದಲೇ ತಿಳಿಯುತ್ತದೆ. ನಾನು ಅಲ್ಲಿ ಓಡಿಲ್ಲ, ನಾಲ್ಕು ಹೆಜ್ಜೆ ಎಡಕ್ಕೆ ಸರಿದಿದ್ದೇನೆ. ಪಾಚಿ ಹಿಡಿದ ಬಂಡೆಯ ಮೇಲೆ ಓಡುವವರಿಗೆ ಕೈ ಮುಗಿಯುತ್ತೇನೆ.

ನಾನು ದೂರ ಹೋಗಿಲ್ಲವೆಂದಲ್ಲ. ಹದಿನಾರಿನಲ್ಲಿ ಏಳೆಂಟು ಧನುರ್ಮಾಸ ಹೆಬ್ಬಾತುಗಳನ್ನು ನೋಡಿದ ಮೇಲೆ, ಇವು ನಮ್ಮಲ್ಲಿಂದ ಹೋಗಿ ಸಂಸಾರ ಮಾಡುವ ಜಾಗ ಹೇಗಿದ್ದೀತೆಂಬ ಪ್ರಶ್ನೆ ಕಾಡತೊಡಗಿತು. ಆಷಾಢ ಹೇಗೂ ಬಿಡುವು. ಒಂದು ಜುಲೈನಲ್ಲಿ ಲಡಾಖಿನ ತ್ಸೊ ಮೊರಿರಿ ಸರೋವರಕ್ಕೆ ಹೋದೆ. ಅದು ಸುಮಾರು 4,500 ಮೀಟರ್ ಎತ್ತರದಲ್ಲಿದೆ, ನಮ್ಮ ಚಾಮುಂಡಿಬೆಟ್ಟವಾದರೋ ಸಮುದ್ರಮಟ್ಟದಿಂದ ಸಾವಿರ ಮೀಟರಿನಷ್ಟು. ಲೇಹ್‌ನಲ್ಲಿ ಮೂರು ದಿನ ಉಸಿರಿಗೆ ಒಗ್ಗಿಕೊಂಡು ಹೋದರೂ ಮೊದಲ ರಾತ್ರಿ ತಲೆ ಸಿಡಿಯುತ್ತಿತ್ತು, ಟ್ರೈಪಾಡ್ ಹೊತ್ತು ಇಪ್ಪತ್ತು ಹೆಜ್ಜೆ ನಡೆದರೆ ಕೂರಬೇಕಾಗುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಕಂಡವು. ಒಂದು ಜೋಡಿ ಹೆಬ್ಬಾತು, ಹಿಂದೆ ಸಾಲಾಗಿ ಐದು ಮರಿಗಳು, ನೀಲಿ ನೀರಿನ ಮೇಲೆ. ಅದೇ ತಲೆಯ ಎರಡು ಕಪ್ಪು ಪಟ್ಟೆಗಳು. ಹಿಂದಿನ ಜನವರಿಯಲ್ಲಿ ನಮ್ಮ ಕಡೆಯ ಗದ್ದೆಯ ಕೂಳೆ ಮೇದವು ಇವೇ ಎಂದು ಹೇಳಲು ಯಾವ ಆಧಾರವೂ ಇರಲಿಲ್ಲ, ಆದರೂ ಹೆಣ್ಣು ಕೊಟ್ಟ ಊರಿಗೆ ಮೊದಲ ಬಾರಿ ಹೋದವನ ಹಾಗೆ ಸಂಕೋಚವಾಯಿತು. ಮರಿಗಳಿವೆಯೆಂದು ದೂರದಲ್ಲೇ ಕುಳಿತೆ. ಚಿತ್ರಗಳು ಸಾಧಾರಣವಾಗಿಯೇ ಬಂದಿವೆ. ಅಲ್ಲಿಯ ಬಿಸಿಲು ಕತ್ತಿಯಂಥದ್ದು, ನೆರಳೆಲ್ಲ ಮಸಿಯಾಗುತ್ತದೆ. ಮರಳಿ ಬಂದ ಮೇಲೆ ಹದಿನಾರಿನಲ್ಲಿ ನಾನು ತೆಗೆದ ಚಿತ್ರಗಳು ಮಾತ್ರ ಬದಲಾದವು. ಮೊದಲು ಹಾರಾಟವನ್ನಷ್ಟೇ ಬೆನ್ನು ಹತ್ತುತ್ತಿದ್ದವನು, ಆಮೇಲೆ ಹಿಂಡಿನೊಳಗೆ ಯಾವುದು ಯಾವುದರ ಪಕ್ಕದಲ್ಲಿ ಮಲಗುತ್ತದೆ, ಯಾವುದು ಕತ್ತೆತ್ತಿ ಕಾವಲು ನಿಲ್ಲುತ್ತದೆ ಎಂದು ನೋಡತೊಡಗಿದೆ.

ಸ್ಫೂರ್ತಿಯ ಮಾತಿಗೆ ಬಂದರೆ, ನನ್ನ ಮನಸ್ಸಿನಲ್ಲಿರುವವರು ಹಕ್ಕಿ ತೆಗೆದವರಲ್ಲ. ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923-2009). ಪತ್ರಿಕಾ ಛಾಯಾಗ್ರಾಹಕರಾಗಿ ದೇಶವೆಲ್ಲ ತಿರುಗಿದವರು, ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಹುಲಿಯಿಲ್ಲ, ಹಿಮಪರ್ವತದ ಆರ್ಭಟವಿಲ್ಲ. ಸಾಮಾನ್ಯ ಜನರು ತಮ್ಮ ಪಾಡಿಗೆ ತಾವಿರುವುದನ್ನು, ಅವರಿಗೆ ತೊಂದರೆಯಾಗದಂತೆ, ಗೌರವದಿಂದ ನೋಡಿದ್ದಾರೆ. ಚಪ್ಪಾಳೆ ತಟ್ಟಿ ಎಬ್ಬಿಸುವವರಿಗೂ ಇವರಿಗೂ ಇರುವ ಅಂತರವನ್ನು ಶಿಂಷಾ ತೀರದವರು ನನಗಿಂತ ಚೆನ್ನಾಗಿ ಬಲ್ಲರು. ಹೆಬ್ಬಾತನ್ನೂ ಹಾಗೆ ನೋಡಲು ಬಂದೀತೇ ಎಂಬುದು ನನ್ನ ಪ್ರಯತ್ನ.

ಕಾಡಂಚಿನ ಚಾಲಕ, ಎಚ್.ಡಿ. ಕೋಟೆ

ದೊಡ್ಡವರ ನಡುವೆ ನನ್ನದೂ ಒಂದು ಮಾತು. ನಾನು ಹಲವು ವರ್ಷ ಸಫಾರಿ ಜೀಪು ಓಡಿಸಿದವನು. ಕಬಿನಿ ಹಿನ್ನೀರು ಬೇಸಿಗೆಯಲ್ಲಿ ಇಳಿದು, ಬಯಲಾದ ಜಾಗದಲ್ಲಿ ಹುಲ್ಲು ಚಿಗುರಿ, ಆನೆಗಳು ಹಿಂಡುಹಿಂಡಾಗಿ ಇಳಿಯುವ ಏಪ್ರಿಲ್ ತಿಂಗಳಲ್ಲಿ ನಿಮ್ಮ ಮದುವೆಗಳು ಭರ್ತಿ ನಡೆಯುತ್ತಿರುತ್ತವೆ, ಆದ್ದರಿಂದ ಅದು ಕತ್ತಲೆ ಕೋಣೆ ಸಾರ್ ಅವರಿಗೆ ಸಿಕ್ಕಿಲ್ಲವೆಂದು ಕಾಣುತ್ತದೆ. ಜೀಪಿನಲ್ಲಿ ಬರುವವರ ಪೈಕಿ ನೂರು ಆನೆ ಕಣ್ಣೆದುರಿಗಿದ್ದರೂ ಹುಲಿ ಎಲ್ಲಿ, ಕರಿಚಿರತೆ ಎಲ್ಲಿ ಎಂದು ಕೇಳುವವರೇ ಹೆಚ್ಚು. ಮೈಸೂರಿನ ಕೃಪಾಕರ-ಸೇನಾನಿ ಅವರು ಯಾರಿಗೂ ಬೇಡವಾಗಿದ್ದ ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ಚಿತ್ರ ಮಾಡಿದರು, 2010ರಲ್ಲಿ ಅವರಿಗೆ ಗ್ರೀನ್ ಆಸ್ಕರ್ ಎಂದು ಕರೆಯುವ ಪ್ರಶಸ್ತಿ ಬಂತು. ಹುಲಿಯ ಹಿಂದೆ ಹೋಗಿ ಹಣ ಕಳೆದುಕೊಂಡವರನ್ನು ಬಹಳ ಕಂಡಿದ್ದೇನೆ.

ಇನ್ನೊಂದು ವಿಷಯ. ಅಭಯಾರಣ್ಯದೊಳಗೆ ವೃತ್ತಿಗಾಗಿ ಚಿತ್ರೀಕರಣ ಮಾಡುವುದಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಸಫಾರಿ ಟಿಕೆಟ್ ಕೊಂಡರೆ ಎಲ್ಲ ಆಯಿತೆಂದು ತಿಳಿಯಬೇಡಿ.

ಪಾಂಡವಪುರದ ಹುಡುಗ

ಎಲ್ಲರಿಗೂ ವಂದನೆಗಳು. ಇಷ್ಟು ವಿವರವಾಗಿ ಬರೆಯುತ್ತೀರೆಂದು ನಿರೀಕ್ಷಿಸಿರಲಿಲ್ಲ. ಕತ್ತಲೆ ಕೋಣೆ ಸರ್, ಕ್ಷಮಿಸಿ, ಮತ್ತೆ ದುಡ್ಡಿನ ಮಾತಿಗೇ ಬರುತ್ತೇನೆ. ಹಕ್ಕಿಯ ಚಿತ್ರ ಬಾಡಿಗೆ ಕಟ್ಟದಿದ್ದರೂ ಸ್ವಲ್ಪವಾದರೂ ಬಂದಿರಬೇಕಲ್ಲವೇ? ಹೇಗೆ ಬಂತು?

ಕತ್ತಲೆ ಕೋಣೆ, ಮೈಸೂರು

ಕ್ಷಮೆ ಯಾಕೆ? ಅದನ್ನು ಕೇಳದವರೇ ಹಾಳಾಗುವುದು. ಪತ್ರಿಕೆಗಳಿಂದ ಅಷ್ಟಿಷ್ಟು, ಶಾಲಾ ಪುಸ್ತಕದವರಿಂದ ಒಮ್ಮೆ, ವರ್ಷಕ್ಕೆ ಎರಡು ಮೂರು ಭಾನುವಾರ ಹೊಸಬರಿಗೆ ಹೇಳಿಕೊಡುವುದರಿಂದ ಸ್ವಲ್ಪ. ಅಚ್ಚು ಹಾಕಿ ಚೌಕಟ್ಟು ಕಟ್ಟಿಸಿದ ಚಿತ್ರಗಳು ವೈದ್ಯರ ಕ್ಲಿನಿಕ್ಕುಗಳಿಗೆ ಚೆನ್ನಾಗಿ ಹೋಗುತ್ತವೆ, ಕಾಯುವವರಿಗೆ ನೋಡಲು ಏನಾದರೂ ಬೇಕು.

ಬರಬೇಕಾಗಿ ಬಾರದೆ ಹೋದದ್ದೂ ಉಂಟು. ಒಂದು ವರ್ಷ ನೆಂಟರ ಮನೆಯ ಗೋಡೆಯ ಮೇಲೆ ಕ್ಯಾಲೆಂಡರೊಂದರಲ್ಲಿ ನನ್ನದೇ ಹೆಜ್ಜಾರ್ಲೆ ನನ್ನನ್ನು ನೋಡುತ್ತಿತ್ತು. ಅಚ್ಚು ಮಾಡಿಸಿದ ಸಂಸ್ಥೆಯವರನ್ನು ಕೇಳಿದರೆ, ಅಂತರ್ಜಾಲದಲ್ಲಿ ಸಿಕ್ಕಿದ್ದು ಎಂದರು, ಹತ್ತು ಕ್ಯಾಲೆಂಡರುಗಳನ್ನು ಕೈಗಿತ್ತರು. ಆಗ ನನಗೆ ಕಾನೂನು ತಿಳಿದಿರಲಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನೇ, ಅವನ ಜೀವಮಾನವಿಡೀ ಮತ್ತು ಆಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಆದರೆ ಒಬ್ಬರು ಹಣ ಕೊಟ್ಟು ಹೇಳಿ ತೆಗೆಸಿದ ಚಿತ್ರವಾದರೆ, ಬೇರೆ ಒಪ್ಪಂದವಿಲ್ಲದಿದ್ದಾಗ, ಅದರ ಮೊದಲ ಹಕ್ಕು ತೆಗೆಸಿದವರದೇ. ಹೀಗಾಗಿ ನನ್ನ ಅನ್ನಕ್ಕೆ ಆಧಾರವಾದ ಸಾವಿರಾರು ಮದುವೆ ಚಿತ್ರಗಳಲ್ಲಿ ಒಂದೂ ನನ್ನದಲ್ಲ, ಅವೆಲ್ಲ ಹೆಣ್ಣಿನ ತಂದೆಯವು. ಬಾಡಿಗೆ ಕಟ್ಟಲಾಗದ ಹೆಜ್ಜಾರ್ಲೆ ಮಾತ್ರ ಪೂರ್ತಿ ನನ್ನದು. ನಿಮ್ಮ ಮೂಲ ಚಿತ್ರದ ಫೈಲುಗಳನ್ನು ಯಾರಿಗೂ ಕೊಡಬೇಡಿ, ಕೊಡುವಾಗ ಏತಕ್ಕೆ, ಎಷ್ಟು ಕಾಲಕ್ಕೆ ಎಂದು ಎರಡು ಸಾಲು ಬರೆಸಿಕೊಳ್ಳಿ.

ಬೇಸರದ ಪ್ರಶ್ನೆ ಉಳಿಯಿತು. ರಂಗನತಿಟ್ಟನ್ನು ಇಪ್ಪತ್ತು ಬಾರಿ ನೋಡಿದ್ದೀರಿ, ಬಹುಶಃ ಇಪ್ಪತ್ತೂ ಬಾರಿ ಭಾನುವಾರ, ಬಿಸಿಲೇರಿದ ಮೇಲೆ, ದೋಣಿಯಿಂದ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ಮಾರ್ಚಿನಲ್ಲಿ ನೀರು ಇಳಿದಾಗ ಹೊಳೆ ರೀವ ಹಕ್ಕಿಗಳು ಬರಿಯ ಬಂಡೆಯ ಮೇಲೆ ಮೊಟ್ಟೆಯಿಡುತ್ತವೆ, ಹಠಾತ್ತಾಗಿ ನೀರು ಬಂದರೆ ಅವು ಕೊಚ್ಚಿಹೋಗುತ್ತವೆ. ಈ ಬಾರಿ ಹಕ್ಕಿಯನ್ನು ಬಿಟ್ಟು ಬಂಡೆಯ ಮೇಲಿನ ನೀರಿನ ಗುರುತುಗಳನ್ನು ತೆಗೆದು ನೋಡಿ.

ಶಿಂಷಾ ತೀರ, ಮದ್ದೂರು

ಅವರ ತಂದೆಯವರ ವಿಷಯಕ್ಕೆ ಯಾರೂ ಉತ್ತರಿಸಲಿಲ್ಲ. ತಮ್ಮ, ಅವರದೊಂದು ಚಿತ್ರ ತೆಗೆದಿದ್ದೀರಾ? ಗದ್ದೆಯಲ್ಲಿ, ಆ ಸಾಲದ ಲೆನ್ಸಿನಲ್ಲಿ?

ಪಾಂಡವಪುರದ ಹುಡುಗ

ಇಲ್ಲ ಮೇಡಂ. ಯೋಚನೆಯೇ ಬಂದಿರಲಿಲ್ಲ. ಆ ಲೆನ್ಸಿಗೆ ಅವರು ತೀರ ಹತ್ತಿರವಾಗುತ್ತಾರೆ, ಬದುವಿನ ಈ ತುದಿಯಿಂದ ತೆಗೆಯಬೇಕಾದೀತು.

ಕತ್ತಲೆ ಕೋಣೆ ಸರ್, ಈ ಧನುರ್ಮಾಸದಲ್ಲಿ ಹದಿನಾರಿಗೆ ನಿಮ್ಮ ಜೊತೆ ಬರಬಹುದೇ? ನನ್ನ ಬಳಿ ಒಳ್ಳೆಯ ಟ್ರೈಪಾಡ್ ಇಲ್ಲ.

ಕತ್ತಲೆ ಕೋಣೆ, ಮೈಸೂರು

ಧಾರಾಳವಾಗಿ ಬನ್ನಿ. ಕೆರೆಯ ಏರಿಯ ಮೇಲೆ ಟ್ರೈಪಾಡ್ ನಿಲ್ಲಿಸಿದರೆ ಹಕ್ಕಿಗಳಿಗೆ ಎದ್ದು ಕಾಣುತ್ತದೆ, ಮಲಗಿಯೇ ತೆಗೆಯಬೇಕು. ಹಳೆಯ ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ, ಒಂದು ತುದಿ ಹೊಲಿದು, ರಾಗಿ ತುಂಬಿ ಇನ್ನೊಂದು ತುದಿಯನ್ನೂ ಹೊಲಿಯಿರಿ. ರಾಗಿಕಾಳು ಸಣ್ಣದು, ಲೆನ್ಸಿನ ಆಕಾರಕ್ಕೆ ಕೂರುತ್ತದೆ, ಸದ್ದು ಮಾಡುವುದಿಲ್ಲ. ಒಮ್ಮೆ ನನ್ನದು ಗಗನಚುಕ್ಕಿಯಲ್ಲಿ ನೆನೆದು ಚೀಲದೊಳಗೇ ಮೊಳಕೆಯೊಡೆಯಿತು, ನಮ್ಮ ಮನೆಯವರು ಒಣಗಿಸಿ ಹಿಟ್ಟು ಮಾಡಿಸಿದರು. ಐದು ಗಂಟೆಗೆ ನಂಜನಗೂಡಿನ ಬಸ್ ನಿಲ್ದಾಣದ ಮುಂದೆ ಇರಿ. ಗಾಢ ಬಣ್ಣದ ಶಾಲು ಹೊದ್ದು ಬನ್ನಿ, ಬಿಳಿ ಬೇಡ.